ಸಾವಯವಕ್ಕೆ ಕಪಾಟು ಬಿಡುವ ಮುನ್ನ: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನಮ್ಮದು ಮಧ್ಯಮ ಗಾತ್ರದ ದಿನಸಿ ಮಳಿಗೆಗಳ ಸರಣಿ. ಆಡಳಿತ ಮಂಡಳಿಗೆ ಹೊಸದಾಗಿ ಬಂದ ನಿರ್ದೇಶಕರೊಬ್ಬರು ಎಲ್ಲ ಮಳಿಗೆಗಳಲ್ಲೂ ಸಾವಯವ ಆಹಾರದ ವಿಭಾಗ ತೆರೆಯಬೇಕೆಂದು ಹಟ ಹಿಡಿದಿದ್ದಾರೆ. ಗ್ರಾಹಕರ ಸಮೀಕ್ಷೆ ಮಾಡಿಸಿದೆವು. ಹೆಚ್ಚಿನವರು ‘ಸಿಕ್ಕರೆ ಖಂಡಿತ ಕೊಳ್ಳುತ್ತೇವೆ’ ಎಂದಿದ್ದಾರೆ. ಖರೀದಿ ವಿಭಾಗದ ಮುಖ್ಯಸ್ಥರು ಮಾತ್ರ ‘ಇದು ಕೈ ಸುಡುವ ಕೆಲಸ’ ಎನ್ನುತ್ತಾರೆ. ವರದಿ ಬರೆಯುವ ಹೊಣೆ ನನ್ನ ತಲೆಗೆ ಬಂದಿದೆ. ಯಾರ ಮಾತು ಕೇಳಲಿ?
(ಹೆಸರು ಪ್ರಕಟಿಸಬೇಡಿ ಎಂದಿರುವ ಓದುಗರು)

ಉತ್ತರ: ಖರೀದಿ ಮುಖ್ಯಸ್ಥರ ಮಾತು ಕೇಳಿಸಿಕೊಳ್ಳಿ, ನಿರ್ದೇಶಕರು ತೋರಿಸಿದ ದಿಕ್ಕಿಗೆ ನಡೆಯಿರಿ. ಇಬ್ಬರನ್ನೂ ಸಮಾಧಾನಪಡಿಸಲು ಹೀಗೆ ಹೇಳುತ್ತಿಲ್ಲ. ಸಾವಯವಕ್ಕೆ ಇಳಿಯಬೇಕು ಎನ್ನುವುದೇ ನನ್ನ ಅಭಿಪ್ರಾಯ. ಎಲ್ಲ ಮಳಿಗೆಗಳಲ್ಲಿ ಒಟ್ಟಿಗೆ ಇಳಿಯುವುದು ಮಾತ್ರ ಹುಚ್ಚಾಟ. ನಿಮ್ಮ ಪತ್ರದಲ್ಲಿ ಗ್ರಾಹಕರಿದ್ದಾರೆ, ವಿಭಾಗವಿದೆ, ನಿರ್ದೇಶಕರಿದ್ದಾರೆ. ಮಾಲು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಖರೀದಿ ಮೇಜಿನ ಹಿಂದೆ ಕೂತು ಕೂದಲು ಹಣ್ಣಾದ ನನ್ನಂಥವಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಸಮೀಕ್ಷೆಯನ್ನು ಕಡತದಲ್ಲಿಟ್ಟು ಮರೆತುಬಿಡಿ. ಕಾಗದ ಹಿಡಿದು ನಿಂತವರು ‘ಸಾವಯವ ಆಹಾರ ಕೊಳ್ಳುವಿರಾ?’ ಎಂದು ಕೇಳಿದರೆ ಇಲ್ಲವೆನ್ನಲು ಯಾರಿಗಾದರೂ ಸಂಕೋಚ. ಅದೇ ಜನ ಕಪಾಟಿನ ಮುಂದೆ ಎರಡು ಹಾಲಿನ ಪೊಟ್ಟಣಗಳನ್ನು ಹಿಡಿದು, ಬೆಲೆ ನೋಡಿ, ಅಗ್ಗದ್ದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ನಿಮಗೆ ಬೇಕಾದ ಉತ್ತರ ನಿಮ್ಮದೇ ಕಂಪ್ಯೂಟರಿನಲ್ಲಿದೆ. ಹಳೆಯ ಬಿಲ್‌ಗಳನ್ನು ತೆಗೆಸಿ. ಅಲ್ಲೊಂದು ಇಲ್ಲೊಂದು ಸಾವಯವ ಪೊಟ್ಟಣವನ್ನು ನೀವು ಈಗಾಗಲೇ ಇಟ್ಟಿರುತ್ತೀರಿ. ಅದನ್ನು ಕೊಂಡವರಲ್ಲಿ ಮತ್ತೆ ಬಂದು ಕೊಂಡವರೆಷ್ಟು? ಯಾವ ಮಳಿಗೆಗಳಲ್ಲಿ? ಅದೇ ಬಿಲ್ಲಿನಲ್ಲಿ ಇನ್ನೇನಿತ್ತು? ಮೊದಲ ಸಲ ಕೊಳ್ಳುವವರಲ್ಲಿ ಕುತೂಹಲಿಗಳೇ ಹೆಚ್ಚು. ಮೂರನೆಯ ಸಲ ಕೈಚಾಚಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಖರೀದಿ ಮುಖ್ಯಸ್ಥರು ಹೆದರುತ್ತಿರುವುದು ಏತಕ್ಕೆ ಎಂದು ಊಹಿಸಬಲ್ಲೆ. ಕಸದ ಬುಟ್ಟಿಗೆ. ಒಂದು ಮಳಿಗೆಗೆ ಇಪ್ಪತ್ತು ಕಟ್ಟು ಸಾವಯವ ಸೊಪ್ಪು ಬಂತು ಎಂದಿಟ್ಟುಕೊಳ್ಳಿ. ಹನ್ನೆರಡು ಕಟ್ಟು ಮಾರಾಟವಾಯಿತು, ಎಂಟು ಬಾಡಿ ಹೋಯಿತು. ಇಪ್ಪತ್ತರ ಅಸಲನ್ನು ಈಗ ಹನ್ನೆರಡು ಕಟ್ಟುಗಳು ಹೊರಬೇಕು. ಅಂದರೆ ಕಟ್ಟೊಂದರ ಅಸಲು ಶೇ 67ರಷ್ಟು ಏರಿತು. ರೈತ ಸಾಮಾನ್ಯ ಬೆಲೆಗಿಂತ ಶೇ 25ರಷ್ಟು ಹೆಚ್ಚು ಪಡೆದಿದ್ದರೆ, ಎರಡೂ ಸೇರಿ ನಿಮ್ಮ ಅಸಲು ಸಾಮಾನ್ಯ ಸೊಪ್ಪಿನ ಎರಡರಷ್ಟನ್ನು ದಾಟುತ್ತದೆ. ಲಾಭಾಂಶ ಇನ್ನೂ ಸೇರಿಲ್ಲ. ಅದೇ ಇಪ್ಪತ್ತರಲ್ಲಿ ಹದಿನೆಂಟು ಕಟ್ಟು ಮಾರಾಟವಾದರೆ ಎರಡೂ ಸೇರಿದ ಏರಿಕೆ ಶೇ 39ಕ್ಕೆ ಇಳಿಯುತ್ತದೆ. (ಸಾಮಾನ್ಯ ಸೊಪ್ಪೂ ಒಂದಿಷ್ಟು ಹಾಳಾಗುತ್ತದೆ, ಲೆಕ್ಕ ಸರಳವಾಗಲೆಂದು ಅದನ್ನು ಬಿಟ್ಟಿದ್ದೇನೆ.) ರೈತನಿಗೆ ಎರಡೂ ಸಲ ಸಿಕ್ಕಿದ್ದು ಅಷ್ಟೇ ದುಡ್ಡು. ಗ್ರಾಹಕರು ‘ಸಾವಯವ ದುಬಾರಿ’ ಎಂದು ಮೂಗು ಮುರಿಯುವಾಗ ಅವರು ದೂರುತ್ತಿರುವುದು ಬಹುಪಾಲು ನಿಮ್ಮ ಹಿಂಬಾಗಿಲಿನಿಂದ ಹೊರಹೋದ ಕೊಳೆತ ಮಾಲಿನ ಬೆಲೆಯನ್ನು. ಬೆಲೆ ಏರಿದರೆ ಮಾರಾಟ ಇಳಿಯುತ್ತದೆ, ಮಾರಾಟ ಇಳಿದರೆ ಕೊಳೆಯುವುದು ಹೆಚ್ಚುತ್ತದೆ, ಕೊಳೆತಷ್ಟೂ ಬೆಲೆ ಏರುತ್ತದೆ. ಈ ಸುಳಿಗೆ ಸಿಕ್ಕ ಮಳಿಗೆಯವರು ಕೊನೆಗೆ ‘ನಮ್ಮ ಗ್ರಾಹಕರಿಗೆ ಸಾವಯವ ಬೇಕಿಲ್ಲ’ ಎಂದು ಷರಾ ಬರೆದು ವಿಭಾಗ ಮುಚ್ಚುತ್ತಾರೆ.

ಆದ್ದರಿಂದ ಹತ್ತು ಮಳಿಗೆಗಳಲ್ಲಿ ಹತ್ತತ್ತು ಕಟ್ಟು ಹರಡುವುದಕ್ಕಿಂತ ಎರಡು ಮಳಿಗೆಗಳಲ್ಲಿ ಐವತ್ತೈವತ್ತು ಇಡುವುದು ಮೇಲು. ಮಾಲು ಬೇಗ ಹೊರಳಬೇಕು. ತುಂಬಿದ ಕಪಾಟು ಮಾರುತ್ತದೆ, ಬಾಡಿದ ಮೂರು ಕಟ್ಟು ಇರುವ ಬುಟ್ಟಿ ಪಕ್ಕದ ತಾಜಾ ಮಾಲಿಗೂ ಕೆಟ್ಟ ಹೆಸರು ತರುತ್ತದೆ.

ಯಾವುದರಿಂದ ಆರಂಭಿಸಬೇಕು? ಹಾಲು, ಮೊಟ್ಟೆ, ಮಕ್ಕಳ ಆಹಾರ. ಇವು ಮನೆಗೆ ಮತ್ತೆ ಮತ್ತೆ ಬೇಕಾಗುವ ಪದಾರ್ಥಗಳು, ಪೊಟ್ಟಣದಲ್ಲೇ ಬರುತ್ತವೆ, ಬೇರೆಯದರ ಜೊತೆ ಬೆರೆಯುವ ಭಯ ಕಡಿಮೆ. ಮಗುವಿನ ಬಾಯಿಗೆ ಹಾಕುವುದರ ವಿಷಯ ಬಂದಾಗ ಬೆಲೆಗೆ ಹಿಂಜರಿಯುವವರೂ ಕೈ ಸಡಿಲಿಸುತ್ತಾರೆ. ಹಲವು ಮನೆಗಳಿಗೆ ಸಾವಯವ ಕಾಲಿಟ್ಟದ್ದೇ ತೊಟ್ಟಿಲಿನ ದಾರಿಯಲ್ಲಿ. ನಂತರ ಧಾನ್ಯ, ಬೇಳೆಕಾಳು. ಹಣ್ಣು ತರಕಾರಿ ಕೊನೆಗೆ. ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಮಾಡುತ್ತಾರೆ, ಏಕೆಂದರೆ ಬಾಗಿಲಲ್ಲೇ ಹಸಿರು ಕಂಡರೆ ನಿರ್ದೇಶಕರಿಗೆ ಖುಷಿ.

ಧಾನ್ಯದ ಬಗ್ಗೆ ಒಂದು ಎಚ್ಚರಿಕೆ. ‘ಒಣ ಪದಾರ್ಥ, ಕೆಡುವುದಿಲ್ಲ’ ಎಂದು ನಂಬಿ ದೊಡ್ಡ ದಾಸ್ತಾನು ತರಿಸಬೇಡಿ. ಸಾಮಾನ್ಯ ಗೋದಾಮಿನಲ್ಲಿ ಹುಳು ಬಂದರೆ ಫಾಸ್ಫೀನ್ ಅನಿಲ ಬಿಟ್ಟು ಮುಗಿಸುತ್ತಾರೆ. ಸಾವಯವ ಧಾನ್ಯಕ್ಕೆ ಅದು ನಿಷಿದ್ಧ. ತಂಪು ಕೋಣೆ, ಗಾಳಿ ತೆಗೆದ ಪೊಟ್ಟಣ, ಇಂಗಾಲದ ಡೈಆಕ್ಸೈಡ್ ಅಥವಾ ಸಾರಜನಕ ತುಂಬಿದ ಸಂಗ್ರಹ, ಇವುಗಳಲ್ಲೇ ಕೆಲಸ ನಡೆಯಬೇಕು. ಆಲೂಗಡ್ಡೆ, ಈರುಳ್ಳಿ ಮೊಳಕೆ ಒಡೆಯದಂತೆ ತಡೆಯುವ ಸಂಶ್ಲೇಷಿತ ರಾಸಾಯನಿಕಗಳೂ ಇಲ್ಲ, ಹಣ್ಣಿನ ಮೇಲೆ ಶಿಲೀಂಧ್ರನಾಶಕ ಬೆರೆಸಿದ ಮೇಣವೂ ಇಲ್ಲ. ಒಂದೇ ಕಟ್ಟಡದಲ್ಲಿ ಎರಡೂ ಬಗೆಯ ಮಾಲು ಇಟ್ಟಿದ್ದರೆ ಕೀಟ ನಿಯಂತ್ರಣಕ್ಕೆ ಬರುವ ಗುತ್ತಿಗೆದಾರನಿಗೆ ಅದು ಮೊದಲೇ ಗೊತ್ತಿರಬೇಕು. ಅವನು ಎಂದಿನಂತೆ ಬಂದು ಎಲ್ಲ ಕಡೆ ಔಷಧಿ ಹೊಡೆದು ಹೋದರೆ, ದೂರದ ಹೊಲದಲ್ಲಿ ಯಾರೋ ವರ್ಷಗಟ್ಟಲೆ ಕಾಪಾಡಿಕೊಂಡು ಬಂದದ್ದು ನಿಮ್ಮ ಗೋದಾಮಿನಲ್ಲಿ ಒಂದು ಸಂಜೆಗೆ ಮಣ್ಣುಪಾಲು. ಕಾಗದದಲ್ಲಿ ಸಾವಯವ, ಚೀಲದಲ್ಲಿ ಅಲ್ಲ. ನಿಮ್ಮ ವರದಿಯಲ್ಲಿ ಅಲಂಕಾರದ ಖರ್ಚಿಗಿಂತ ಮೊದಲು ತಂಪು ಕೋಣೆಯ ಖರ್ಚು ಬರಲಿ.

ಈಗ ಮಾಲಿನ ಮೂಲಕ್ಕೆ ಬರುತ್ತೇನೆ. ಸಾವಯವ ಮಾಲನ್ನು ಬೇಕೆಂದ ದಿನ ಪೇಟೆಯಿಂದ ತರಿಸಲಾಗುವುದಿಲ್ಲ. ಅಮೆರಿಕದ ನಿಯಮದಂತೆ ಹೊಲಕ್ಕೆ ರಾಸಾಯನಿಕ ಗೊಬ್ಬರ, ಕೀಟನಾಶಕದಂಥ ನಿಷೇಧಿತ ಪದಾರ್ಥ ಬಿದ್ದು 3 ವರ್ಷ ಕಳೆದ ಮೇಲೆ ಕೊಯ್ದ ಫಸಲು ಮಾತ್ರ ಸಾವಯವ. ಯುರೋಪಿನ ಒಕ್ಕೂಟದಲ್ಲಿ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮೊದಲು 2 ವರ್ಷ, ತೋಟದ ಬೆಳೆಗಳಿಗೆ ಕೊಯ್ಲಿಗೆ ಮೊದಲು 3 ವರ್ಷ. ಈ ನಡುವಿನ ಕಾಲದಲ್ಲಿ ರೈತ ಸಾವಯವದ ಕಷ್ಟವನ್ನೆಲ್ಲ ಪಡುತ್ತಾನೆ, ಬೆಲೆ ಮಾತ್ರ ಸಾಮಾನ್ಯ ಮಾಲಿನದು. ಇಳುವರಿಯೂ ಇಳಿಯುತ್ತದೆ. 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಸಾವಯವ ಇಳುವರಿ ಬೆಳೆ ಮತ್ತು ಪದ್ಧತಿಯನ್ನು ಅವಲಂಬಿಸಿ ಶೇ 5ರಿಂದ 34ರಷ್ಟು ಕಡಿಮೆ. ನೀವು ಇಂದು ಬೇಡಿಕೆ ಸೃಷ್ಟಿಸಿದರೆ ಅದಕ್ಕೆ ತಕ್ಕ ಬೆಳೆ ಬರುವುದು ಮೂರು ವರ್ಷದ ಮೇಲೆ. ಅಷ್ಟರಲ್ಲಿ ನಿಮ್ಮ ನಿರ್ದೇಶಕರ ಮನಸ್ಸು ಬೇರೆಯದಕ್ಕೆ ಹಾರಿದ್ದರೆ ಆ ರೈತನ ಗತಿ ಏನು?

ಇದು ಬರೀ ಕಳಕಳಿಯ ಮಾತಲ್ಲ, ವ್ಯಾಪಾರದ ಮಾತು. ಎಲ್ಲಿ ಸರಣಿಗಳು ಗೆದ್ದಿವೆಯೋ ಅಲ್ಲಿ ಅವು ಪೂರೈಕೆಯನ್ನು ಕಟ್ಟಿಕೊಂಡೇ ಗೆದ್ದಿವೆ. ಸ್ವಿಟ್ಜರ್ಲೆಂಡಿನ ಕೋಪ್ 1993ರಲ್ಲಿ ‘ನಾಟುರಾಪ್ಲಾನ್’ ಎಂಬ ಹೆಸರಿನಡಿ ಸಾವಯವ ಮಾಲು ತಂದಿತು, ಅಲ್ಲಿನ ಸಾವಯವ ರೈತರ ಒಕ್ಕೂಟದ ಜೊತೆ ಕೈಜೋಡಿಸಿತು, ಇಂದಿಗೂ ಬಿಟ್ಟಿಲ್ಲ. ಡೆನ್ಮಾರ್ಕ್ 1987ರಲ್ಲಿ ಸಾವಯವ ಕೃಷಿಗೆ ಕಾನೂನು ಮಾಡಿತು, ಅದರ ಬೆನ್ನಿಗೇ ಸರ್ಕಾರವೇ ತಪಾಸಣೆ ಮಾಡಿ ಕೊಡುವ ಕೆಂಪು ‘Ø’ ಮುದ್ರೆ ಬಂತು. 1993ರಲ್ಲಿ ಅಲ್ಲಿನ ಸಹಕಾರಿ ಸರಣಿ ಸೂಪರ್‌ಬ್ರುಗ್ಸನ್ ಸಾವಯವ ಪದಾರ್ಥಗಳ ಬೆಲೆಯನ್ನು ಗಟ್ಟಿಯಾಗಿ ಇಳಿಸಿ ಪ್ರಚಾರಕ್ಕಿಳಿದಾಗ ಬೇಡಿಕೆ ಜಿಗಿಯಿತು. ಇಂದು ಡೆನ್ಮಾರ್ಕಿನ ಅಂಗಡಿಗಳಲ್ಲಿ ಮಾರುವ ಆಹಾರದಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಸಾವಯವ. ಬೆಲೆ ಇಳಿಸಿದ್ದು ಮಾತ್ರ ನಿಮ್ಮ ನಿರ್ದೇಶಕರಿಗೆ ನೆನಪಿರುತ್ತದೆ. ನಂಬಿಕೆಯ ಮುದ್ರೆ ಮೊದಲೇ ಇತ್ತು ಎನ್ನುವುದನ್ನು ನೀವು ನೆನಪಿಸಿ.

ಇನ್ನೊಂದು ಬದಿಯನ್ನೂ ವರದಿಯಲ್ಲಿ ಬರೆಯಿರಿ. ವಾಲ್‌ಮಾರ್ಟ್‌ನಷ್ಟು ದೊಡ್ಡ ಸರಣಿ 2014ರಲ್ಲಿ ‘ವೈಲ್ಡ್ ಓಟ್ಸ್’ ಹೆಸರಿನಲ್ಲಿ, ಪ್ರಸಿದ್ಧ ಸಾವಯವ ಬ್ರ್ಯಾಂಡ್‌ಗಳಿಗಿಂತ ಶೇ 25ರಷ್ಟು ಅಗ್ಗ ಎಂದು ಸಾರಿ ಕಪಾಟು ತುಂಬಿಸಿತು. 2016ರ ಹೊತ್ತಿಗೆ ಅದನ್ನು ಕೈಬಿಟ್ಟಿತು. ಬ್ರಿಟನ್ನಿನಲ್ಲಿ 2008ರ ಆರ್ಥಿಕ ಕುಸಿತದ ನಂತರ ಸಾವಯವ ಮಾರಾಟ ಕೆಲವು ವರ್ಷ ಸತತವಾಗಿ ಇಳಿಯಿತು, ದೊಡ್ಡ ಅಂಗಡಿಗಳು ಸಾವಯವದ ಕಪಾಟನ್ನು ಕಿರಿದು ಮಾಡಿದವು. ಮನೆಯ ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವ ಕಡೆ ಇದು. ಹೆದರಿಕೆಯಿಂದ ಬರುವ ಬೇಡಿಕೆಯೂ ಹಾಗೆಯೇ. ಯಾವುದೋ ಆಹಾರ ಹಗರಣದ ಸುದ್ದಿ ಬಂದ ವಾರ ಜನ ಮುಗಿಬೀಳುತ್ತಾರೆ, ಸುದ್ದಿ ತಣ್ಣಗಾದ ಮೇಲೆ ಹಳೆಯ ಪೊಟ್ಟಣಕ್ಕೆ ಮರಳುತ್ತಾರೆ. ಅಂಥ ವಾರದ ಮಾರಾಟ ನೋಡಿ ಗೋದಾಮು ಬಾಡಿಗೆಗೆ ಹಿಡಿಯಬೇಡಿ.

ಸ್ವಂತ ಬ್ರ್ಯಾಂಡ್ ಬೇಕೆಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೆರಿಕದ ಕ್ರೋಗರ್ ಸರಣಿ 2012ರಲ್ಲಿ ಆರಂಭಿಸಿದ ‘ಸಿಂಪಲ್ ಟ್ರೂತ್’ ಎರಡೇ ವರ್ಷಗಳಲ್ಲಿ 100 ಕೋಟಿ ಡಾಲರ್ ವಾರ್ಷಿಕ ವಹಿವಾಟು ಮುಟ್ಟಿದ ಉದಾಹರಣೆಯನ್ನೂ ಮುಂದಿಡುತ್ತಾರೆ. ಅದರಲ್ಲಿ ಸಾವಯವವಲ್ಲದ, ಕೆಲವು ಕೃತಕ ಪದಾರ್ಥಗಳಿಲ್ಲ ಎಂದಷ್ಟೇ ಹೇಳಿಕೊಳ್ಳುವ ಮಾಲೂ ಸೇರಿದೆ ಎಂದು ನೀವು ಮೆಲ್ಲನೆ ಹೇಳಿ. ನಂಬಿಕಸ್ಥ ಪೂರೈಕೆದಾರರು ಸಿಗುವ ಮೊದಲೇ ಪೊಟ್ಟಣದ ಮೇಲೆ ಸ್ವಂತ ಹೆಸರು ಅಚ್ಚು ಹಾಕಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಬೇರೆಯವರ ಪೊಟ್ಟಣದಲ್ಲಿ ಮೋಸ ಸಿಕ್ಕರೆ ವಾಪಸು ಕಳಿಸಿ ಕೈತೊಳೆದುಕೊಳ್ಳಬಹುದು. ನಿಮ್ಮ ಹೆಸರಿನ ಪೊಟ್ಟಣದಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನೀವು. ಮೋಸ ಇಲ್ಲವೆಂದುಕೊಳ್ಳಬೇಡಿ. ಅಮೆರಿಕದಲ್ಲಿ ಸಾಮಾನ್ಯ ಮೆಕ್ಕೆಜೋಳ, ಸೋಯಾವನ್ನು ಸಾವಯವ ಎಂದು ಹಲವು ವರ್ಷ ಮಾರಿದ ಧಾನ್ಯ ವ್ಯಾಪಾರಿಯೊಬ್ಬನಿಗೆ 2019ರಲ್ಲಿ 10 ವರ್ಷ ಜೈಲಾಯಿತು. ಆ ವಹಿವಾಟು 14 ಕೋಟಿ ಡಾಲರ್ ಮೀರಿತ್ತು. 2024ರ ಮಾರ್ಚ್‌ನಿಂದ ಅಲ್ಲಿ ದಲ್ಲಾಳಿಗಳಿಗೂ ಆಮದುದಾರರಿಗೂ ನಿಯಮ ಬಿಗಿಯಾಗಿದೆ. ಆ ವ್ಯಾಪಾರಿಯ ಮಾಲಿನ ಹಿಂದೆಯೂ ಪ್ರಮಾಣಪತ್ರ ಇತ್ತು ಎನ್ನುವುದನ್ನು ಗಮನಿಸಿ. ಪ್ರಮಾಣಪತ್ರ ನೋಡುವುದರ ಜೊತೆಗೆ ಗಣಿತ ಮಾಡಿ. ಆ ಪೂರೈಕೆದಾರನ ಪ್ರಮಾಣಿತ ಜಮೀನಿನಲ್ಲಿ ಇಷ್ಟು ಮಾಲು ಬೆಳೆಯಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಉಳಿದದ್ದು ಎಲ್ಲಿಂದ ಬಂತು? ಖರೀದಿಯವರು ಕೇಳಲು ಮರೆಯುವ ಪ್ರಶ್ನೆ ಇದು, ಅಗ್ಗದ ದರ ಕಂಡಾಗಲಂತೂ ಬೇಕೆಂದೇ ಮರೆಯುತ್ತಾರೆ.

ಮಳಿಗೆಯೊಳಗೆ ಎಲ್ಲಿ ಇಡಬೇಕೆಂಬ ಚರ್ಚೆಗೆ ನಿಮ್ಮ ಸಭೆಯಲ್ಲಿ ಅರ್ಧ ದಿನ ಹೋಗುತ್ತದೆ, ಅಷ್ಟು ಬೇಕಿಲ್ಲ. ಪೊಟ್ಟಣದ ಮಾಲನ್ನು ಅದರ ಸಾಮಾನ್ಯ ಜೊತೆಗಾರನ ಪಕ್ಕದಲ್ಲೇ ಇಡಿ. ಪ್ರತ್ಯೇಕ ಮೂಲೆಗೆ ಹೋಗುವವರು ಈಗಾಗಲೇ ಮನಸ್ಸು ಮಾಡಿದವರು ಮಾತ್ರ. ಸಡಿಲವಾಗಿ ಮಾರುವ ಹಣ್ಣು ತರಕಾರಿಗೆ ಮಾತ್ರ ಬೇರೆ ಜಾಗ, ಮತ್ತು ನೀರು ಚಿಮುಕಿಸುವ ಅಭ್ಯಾಸವಿದ್ದರೆ ಸಾವಯವ ಮೇಲಿನ ಹಂತದಲ್ಲಿರಲಿ. ಮೇಲಿನ ಸಾಮಾನ್ಯ ಮಾಲಿನ ನೀರು ಅದರ ಮೇಲೆ ತೊಟ್ಟಿಕ್ಕಬಾರದು. ಸಡಿಲ ಮಾಲಿಗೆ ಮಳಿಗೆಯೇ ಪ್ರಮಾಣಪತ್ರ ಪಡೆಯಬೇಕೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಒಕ್ಕೂಟದಲ್ಲಿ ವರ್ಷಕ್ಕೆ 5,000 ಕಿಲೋ ಅಥವಾ 20,000 ಯೂರೋ ವಹಿವಾಟಿನೊಳಗಿನ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಕೊಡಲು ಅವಕಾಶವಿದೆ. ಅಮೆರಿಕದಲ್ಲಿ ಚಿಲ್ಲರೆ ಅಂಗಡಿಗೆ ಪ್ರಮಾಣಪತ್ರ ಕಡ್ಡಾಯವಲ್ಲ, ಆದರೆ ಬೆರಕೆಯಾಗದಂತೆ ನೋಡಿಕೊಳ್ಳುವ ಮತ್ತು ದಾಖಲೆ ಇಡುವ ಹೊಣೆ ತಪ್ಪುವುದಿಲ್ಲ. ನಿಮ್ಮಲ್ಲಿ ಏನು ನಿಯಮ ಎಂದು ಮೊದಲು ಪ್ರಮಾಣೀಕರಣ ಸಂಸ್ಥೆಯನ್ನೇ ಕೇಳಿ, ಆಮೇಲೆ ಬಡಗಿಯನ್ನು ಕರೆಸಿ.

ಕೊನೆಗೆ ವರದಿಯಲ್ಲಿ ಹಿಂದೆ ಸರಿಯುವ ಷರತ್ತನ್ನೂ ಬರೆಯಿರಿ, ಅದೂ ಆರಂಭಕ್ಕೆ ಮೊದಲೇ. ಎಲ್ಲ ಋತುಗಳೂ ಒಂದು ಸುತ್ತು ಮುಗಿಯುವವರೆಗೆ ಆಯ್ದ ಕೆಲವೇ ಮಳಿಗೆಗಳಲ್ಲಿ ನಡೆಸಿ. ಹಾಳಾಗುವ ಪ್ರಮಾಣ ಎಷ್ಟಕ್ಕೆ ಇಳಿದರೆ ಮುಂದಿನ ಮಳಿಗೆ, ಇಳಿಯದಿದ್ದರೆ ಯಾವ ಪದಾರ್ಥ ತೆಗೆಯುವುದು ಎಂದು ಅಂಕಿಯಲ್ಲೇ ನಮೂದಿಸಿ, ನಿರ್ದೇಶಕರ ಸಹಿ ಹಾಕಿಸಿ. ಸಾವಯವ ಹಾಲಿನ ಮಾರಾಟ ಏರಿತೆಂದು ಸಂಭ್ರಮಿಸುವ ಮುನ್ನ ಸಾಮಾನ್ಯ ಹಾಲಿನ ಮಾರಾಟ ಅಷ್ಟೇ ಇಳಿದಿದೆಯೇ ಎಂದೂ ನೋಡಿ. ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ದುಡ್ಡು ಲಾಭವಲ್ಲ. ಬೇರೆ ಅಂಗಡಿಗೆ ಹೋಗುತ್ತಿದ್ದ ಮನೆಯೊಂದು ಪೂರ್ತಿ ತಿಂಗಳ ಸಾಮಾನಿಗೆ ನಿಮ್ಮಲ್ಲಿಗೆ ಬಂದಿದ್ದರೆ ಮಾತ್ರ ಅದನ್ನು ಗೆಲುವು ಎನ್ನಿ.

ಪ್ರಶ್ನೆ: ಸಾವಯವ ಮಾರಿದರೆ, ಪಕ್ಕದಲ್ಲಿರುವ ಉಳಿದದ್ದೆಲ್ಲ ವಿಷ ಎಂದು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೇ?
(ಮಳಿಗೆ ಮೇಲ್ವಿಚಾರಕರು)

ಉತ್ತರ: ನಿಮ್ಮ ಫಲಕಗಳಲ್ಲಿ ಹಾಗೆ ಬರೆದರೆ ಆಗುತ್ತದೆ. ಬರೆಯಬೇಡಿ. ‘ವಿಷಮುಕ್ತ’ ಎಂಬ ಮಾತನ್ನು ನಿಮ್ಮ ಮಳಿಗೆಯಿಂದಲೇ ಗಡೀಪಾರು ಮಾಡಿ. ಸಾವಯವ ಎಂದರೆ ಬೆಳೆಯುವ, ಸಂಸ್ಕರಿಸುವ ಒಂದು ವಿಧಾನಕ್ಕೆ ಸಿಕ್ಕ ಪ್ರಮಾಣಪತ್ರ. ಸಾವಯವ ರೈತನೂ ಕೀಟಕ್ಕೆ, ರೋಗಕ್ಕೆ ಔಷಧಿ ಹೊಡೆಯಬಹುದು. ತಾಮ್ರದ ಸಂಯುಕ್ತಗಳು, ಪೈರೆಥ್ರಿನ್, ಸ್ಪಿನೋಸಾಡ್ ಮುಂತಾದವಕ್ಕೆ ಹಲವು ದೇಶಗಳ ನಿಯಮಗಳಲ್ಲಿ ಮಿತಿಯೊಳಗೆ ಅನುಮತಿಯಿದೆ.

ಆರೋಗ್ಯದ ಬಗ್ಗೆ ಕೇಳಿದರೆ ನಿಮ್ಮ ಸಿಬ್ಬಂದಿ ಹೇಳಬಹುದಾದದ್ದು ಇಷ್ಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಾವಯವ ಆಹಾರ ಗಮನಾರ್ಹವಾಗಿ ಹೆಚ್ಚು ಪೌಷ್ಟಿಕ ಎನ್ನಲು ಬಲವಾದ ಆಧಾರ ಕಾಣಲಿಲ್ಲ. ಕೀಟನಾಶಕದ ಶೇಷ ಸಿಗುವ ಸಾಧ್ಯತೆ ಮಾತ್ರ ಕಡಿಮೆ ಎಂದು ಕಂಡಿತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದ ಇನ್ನೊಂದು ವಿಶ್ಲೇಷಣೆ ಸಾವಯವ ಬೆಳೆಗಳಲ್ಲಿ ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್) ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಡಿಮೆ ಎಂದಿತು. ಶೇಷ ಕಡಿಮೆ ಎಂಬಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಾರೆ, ಪೌಷ್ಟಿಕತೆಯಲ್ಲಿ ಜಗಳ ಮುಗಿದಿಲ್ಲ. ಸಾವಯವ ಎಂದಾಕ್ಷಣ ತೊಳೆಯದೆ ತಿನ್ನಬಹುದು ಎಂದು ಯಾರಾದರೂ ಅಂದುಕೊಂಡಿದ್ದರೆ, 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜೀವ ತೆಗೆದ ಈ.ಕೋಲಿ ಸೋಂಕಿನ ಜಾಡು ಒಂದು ಸಾವಯವ ತೋಟದ ಮೊಳಕೆ ಕಾಳಿಗೇ ಹೋಗಿ ಮುಟ್ಟಿತ್ತು ಎಂದು ತಿಳಿಸಿ. ಬ್ಯಾಕ್ಟೀರಿಯಾ ಪ್ರಮಾಣಪತ್ರ ಓದುವುದಿಲ್ಲ.

ಸಿಬ್ಬಂದಿಗೆ ಈ ವಿಷಯದಲ್ಲಿ ಅರ್ಧ ದಿನದ ತರಬೇತಿ ಕೊಡಿಸಿ. ತಿಳಿಯದ್ದನ್ನು ಕೇಳಿದರೆ ‘ವಿಚಾರಿಸಿ ಹೇಳುತ್ತೇನೆ’ ಎನ್ನಲಿ. ತಾವಾಗಿ ವೈದ್ಯರಾಗುವುದು ಬೇಡ.

ಪ್ರಶ್ನೆ: ಪರಿಸರಕ್ಕೆ ಒಳ್ಳೆಯದೆಂದು ಸಾವಯವ ತರಕಾರಿ ಕೊಳ್ಳಲು ಹೋದರೆ ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರುತ್ತಾರೆ, ಸಾಮಾನ್ಯ ತರಕಾರಿ ಮಾತ್ರ ಸಡಿಲವಾಗಿ ಬಿದ್ದಿರುತ್ತದೆ. ಇದೇನು ವಿಡಂಬನೆ?
(ಗೃಹಿಣಿ)

ಉತ್ತರ: ನಗು ಬರುವಂಥದ್ದೇ, ಆದರೆ ಕಾರಣವಿದೆ. ಎರಡೂ ಸೌತೆಕಾಯಿ ನೋಡಲು ಒಂದೇ. ಸುತ್ತದೆ ಇಟ್ಟರೆ ಬಿಲ್ ಹಾಕುವವರಿಗೆ ಗೊತ್ತಾಗುವುದಿಲ್ಲ, ಒಂದರ ಬೆಲೆಗೆ ಇನ್ನೊಂದು ಹೋಗುತ್ತದೆ, ಬುಟ್ಟಿಯಲ್ಲಿ ಎರಡೂ ಬೆರೆತರೆ ಸಾವಯವ ಎಂದು ಹೇಳಿಕೊಳ್ಳಲೂ ಬಾರದು. ಎರಡರಲ್ಲಿ ಒಂದನ್ನು ಗುರುತು ಮಾಡಲೇಬೇಕು. ಸಾವಯವದ ಪ್ರಮಾಣ ಕಡಿಮೆ, ಅದನ್ನು ಸುತ್ತಿದರೆ ಪ್ಲಾಸ್ಟಿಕ್ಕೂ ಕಡಿಮೆ. ಅಂಗಡಿಯವರ ತರ್ಕ ಇಷ್ಟು. ಹೊಗಳುವಂಥದ್ದಲ್ಲ, ದಡ್ಡತನವೂ ಅಲ್ಲ.

ಬೇರೆ ದಾರಿಗಳೂ ಇವೆ. ಕಾಗದದ ಪಟ್ಟಿ, ಅಂಟುಚೀಟಿ, ರಬ್ಬರ್ ಬಳೆ. 2016ರ ಕೊನೆಗೆ ಸ್ವೀಡನ್ನಿನ ಇಕಾ ಸರಣಿ ಸಾವಯವ ಬೆಣ್ಣೆಹಣ್ಣು ಮತ್ತು ಸಿಹಿಗೆಣಸಿನ ಸಿಪ್ಪೆಯ ಮೇಲೇ ಲೇಸರ್ ಬೆಳಕಿನಿಂದ ಗುರುತು ಮೂಡಿಸಿ ಮಾರಿ ನೋಡಿತು. ಯಾವ ಪದಾರ್ಥದಲ್ಲಿ ಸಾವಯವದ ಮಾರಾಟವೇ ಹೆಚ್ಚುತ್ತದೋ ಅದರಲ್ಲಿ ಸಾಮಾನ್ಯ ಮಾಲನ್ನು ಪೂರ್ತಿ ತೆಗೆದುಹಾಕುವುದು ಎಲ್ಲಕ್ಕಿಂತ ಸುಲಭದ ಪರಿಹಾರ, ಆಗ ಬೆರೆಯಲು ಎರಡನೆಯದೇ ಇರುವುದಿಲ್ಲ. ನಿಮ್ಮ ಅಂಗಡಿಯವರನ್ನು ನಯವಾಗಿ ಕೇಳುತ್ತಿರಿ. ಖರೀದಿ ವಿಭಾಗಕ್ಕೆ ಗ್ರಾಹಕರ ಪತ್ರಗಳು ತಲುಪುತ್ತವೆ, ನಾವು ಓದುತ್ತಿದ್ದೆವು, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಗಮನದಿಂದ.

ಪ್ರಶ್ನೆ: ದೊಡ್ಡ ಸರಣಿಯೊಂದು ಸಾವಯವ ತರಕಾರಿ ಬೆಳೆದುಕೊಡಿ, ಎಲ್ಲವನ್ನೂ ನಾವೇ ಕೊಳ್ಳುತ್ತೇವೆ ಎನ್ನುತ್ತಿದೆ. ಜಮೀನನ್ನು ಪೂರ್ತಿ ಸಾವಯವಕ್ಕೆ ಪರಿವರ್ತಿಸಬೇಕಂತೆ. ಒಪ್ಪಬಹುದೇ?
(ಕೃಷಿಕರು)

ಉತ್ತರ: ಮೇಲಿನ ಮೊದಲ ಪತ್ರ ಬರೆದವರು ನಿಮ್ಮಂಥವರನ್ನೇ ಹುಡುಕುತ್ತಿರುತ್ತಾರೆ, ಆದ್ದರಿಂದ ಅವರು ಓದಲಿ ಎಂದೇ ಇಲ್ಲಿ ಉತ್ತರಿಸುತ್ತೇನೆ.

‘ಎಲ್ಲವನ್ನೂ ಕೊಳ್ಳುತ್ತೇವೆ’ ಎನ್ನುವುದು ಬಾಯಿಮಾತು. ಎಷ್ಟು ಕಿಲೋ, ಯಾವ ತಿಂಗಳು, ಯಾವ ದರ, ಎಷ್ಟು ದಿನದಲ್ಲಿ ಹಣ ಎನ್ನುವುದು ಕಾಗದದಲ್ಲಿರಲಿ. ಅದರಲ್ಲೂ ತಿರಸ್ಕಾರದ ಷರತ್ತನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ. ಡೊಂಕು, ಚುಕ್ಕೆ, ಗಾತ್ರದ ನೆಪದಲ್ಲಿ ಅರ್ಧ ಲೋಡ್ ವಾಪಸು ಕಳಿಸುವ ಅಧಿಕಾರ ಅವರಿಗಿದ್ದರೆ, ಮಾರುಕಟ್ಟೆ ಬಿದ್ದ ದಿನ ನಿಮ್ಮ ತರಕಾರಿಗೆಲ್ಲ ಒಮ್ಮೆಗೇ ಚುಕ್ಕೆ ಕಾಣಿಸುತ್ತದೆ. ತಪಾಸಣೆ ನಿಮ್ಮ ಹೊಲದಲ್ಲೇ, ಲಾರಿ ಹೊರಡುವ ಮೊದಲು ಆಗಲಿ. ಎರಡನೆಯ ದರ್ಜೆಯ ಮಾಲಿಗೂ ಒಂದು ದರ ನಮೂದಾಗಿರಲಿ.

ಪರಿವರ್ತನೆಯ ಎರಡು ಮೂರು ವರ್ಷ ಯಾರು ಹೊರುತ್ತಾರೆ ಎಂದು ನೇರವಾಗಿ ಕೇಳಿ. ಸರಣಿಗೆ ನಿಜವಾದ ಆಸಕ್ತಿ ಇದ್ದರೆ ಆ ಅವಧಿಯ ಫಸಲಿಗೂ ಸಾಮಾನ್ಯ ದರಕ್ಕಿಂತ ಒಂದಿಷ್ಟು ಹೆಚ್ಚು ಕೊಡುತ್ತದೆ. ಯುರೋಪಿನ ಒಕ್ಕೂಟದಲ್ಲಿ ಪರಿವರ್ತನೆಗೆ 12 ತಿಂಗಳು ಕಳೆದ ಮೇಲೆ ಒಂದೇ ಬೆಳೆಯ ಪದಾರ್ಥವನ್ನು ‘ಪರಿವರ್ತನೆಯಲ್ಲಿರುವುದು’ ಎಂಬ ಚೀಟಿಯೊಂದಿಗೆ ಮಾರಲು ಅವಕಾಶವಿದೆ. ಅಂಥದ್ದೊಂದು ವ್ಯವಸ್ಥೆ ನಿಮ್ಮಲ್ಲಿದೆಯೇ ಎಂದು ವಿಚಾರಿಸಿ. ಪ್ರಮಾಣಪತ್ರ ಯಾರ ಹೆಸರಿನಲ್ಲಿ ಬರುತ್ತದೆ ಎನ್ನುವುದನ್ನು ಅದಕ್ಕಿಂತ ಮೊದಲು ಕೇಳಿ. ಖರ್ಚು ತಾವೇ ಹಾಕುತ್ತೇವೆ ಎಂದು ಸರಣಿಯವರು ತಮ್ಮ ಹೆಸರಿನಲ್ಲಿ ಮಾಡಿಸಿಕೊಂಡರೆ, ಅವರನ್ನು ಬಿಟ್ಟ ದಿನ ನಿಮ್ಮ ಮಾಲು ಕಾಗದದ ಮೇಲೆ ಸಾವಯವವಾಗಿ ಉಳಿಯುವುದಿಲ್ಲ. ಖರ್ಚು ಅವರದಾದರೂ ಹೆಸರು ನಿಮ್ಮದಿರಲಿ.

ಪೂರ್ತಿ ಜಮೀನು ಒಮ್ಮೆಗೇ ಬೇಡ, ತುಂಡು ತುಂಡಾಗಿ ಪರಿವರ್ತಿಸಿ. ಎರಡೂ ಬಗೆಯ ಕೃಷಿ ಅಕ್ಕಪಕ್ಕ ಇದ್ದರೆ ನಡುವೆ ಅಂತರ ಬಿಡಬೇಕು, ಸಿಂಪಡಿಸುವ ಉಪಕರಣ, ಗೋಣಿ, ದಾಖಲೆ ಎಲ್ಲ ಬೇರೆ ಇಡಬೇಕು. ಒಂದೇ ಬೆಳೆಯನ್ನು ಎರಡೂ ಕಡೆ ಬೆಳೆಯಲು ಹಲವೆಡೆ ಬಿಡುವುದಿಲ್ಲ, ಆದ್ದರಿಂದ ಪ್ರಮಾಣೀಕರಣ ಸಂಸ್ಥೆಯವರ ಜೊತೆ ಕೂತು ನಕ್ಷೆ ಹಾಕಿಸಿಕೊಳ್ಳಿ. ಸಾವಯವವಾದ ಮಾಲಿನಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಒಬ್ಬನೇ ಖರೀದಿದಾರನಿಗೆ ಕೊಡುವ ಷರತ್ತಿಗೆ ಸಹಿ ಹಾಕಬೇಡಿ. ಅವರು ಅದಕ್ಕೆ ಒಪ್ಪದೆ ಎದ್ದು ಹೋದರೆ ಹೋಗಲಿ ಬಿಡಿ, ಇನ್ನೊಬ್ಬರು ಬರುತ್ತಾರೆ. ಪ್ರಮಾಣಿತ ಜಮೀನು ಈಗ ಹೆಚ್ಚಿನ ಕಡೆ ಕಡಿಮೆಯೇ.